ಅಜ್ಜ ಮಲಗಿದ್ದಾರೆ

ಅವಳಿಗೆ ಐದು ವರ್ಷವಿದ್ದಾಗ, ಹಗಲು ಹೊತ್ತಿನಲ್ಲಿ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಬಿದ್ದದ್ದಕ್ಕೆ, ಅವಳ ಅಮ್ಮ ಅವಳ ಬಾಯಿಗೆ ಒರೆಸುವ ಬಟ್ಟೆ ತುರುಕಿ, ಮೇಲಿಂದ ಟವೆಲ್ ಕಟ್ಟಿ, ಅಪ್ಪ ಏಳುವವರೆಗೆ ಬಚ್ಚಲಿನ ಮೂಲೆಯಲ್ಲಿ ಕೂರಿಸಿದಳು. ಅಪ್ಪ ಸಂಜೆ ಎದ್ದ. ಚಹಾ ಕುಡಿದು ನೇಯ್ಗೆ ಮಿಲ್ಲಿನ ರಾತ್ರಿ ಪಾಳಿಗೆ ಹೋದ. ಬಟ್ಟೆ ತೆಗೆದ ಮೇಲೂ ಹುಡುಗಿ ಅಳಲಿಲ್ಲ. ಅಮ್ಮ ಪಕ್ಕದ ಮನೆಯವಳಿಗೆ, "ಈಗ ಬುದ್ಧಿ ಬಂತು ನೋಡು" ಎಂದಳು. ಮುಂದೆ ಇನ್ನೂ ಕೆಲವು ಸಲ ಬಟ್ಟೆ ಬೇಕಾಯಿತು. ಆಮೇಲೆ ಬಟ್ಟೆಯನ್ನು ತೋರಿಸಿದರೆ ಸಾಕಾಗುತ್ತಿತ್ತು.

ಈಗ ಅವಳಿಗೇ ಶಾಲೆಗೆ ಹೋಗುವ ಮಗಳಿದ್ದಾಳೆ. ಕೆಲಸ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ. ಅಲ್ಲಿನ ಹೆಂಗಸರು ಅವಳನ್ನು ಮೆಲ್ಲಕ್ಕ ಎಂದು ಕರೆದು, ಅವಳ ನಿಜವಾದ ಹೆಸರನ್ನು ಹಾಜರಿ ಕೂಗುವವನ ಪಾಲಿಗೆ ಬಿಟ್ಟಿದ್ದಾರೆ. ಎಲ್ಲಿ ಏನು ಬಿದ್ದರೂ ಮೆಲ್ಲಕ್ಕ ಮೊದಲು ತನ್ನ ಬಾಯಿಗೆ ಕೈ ಒತ್ತಿಕೊಳ್ಳುತ್ತಾಳೆ, ಆಮೇಲೆ ಏನು ಬಿತ್ತೆಂದು ನೋಡುತ್ತಾಳೆ. ಹಿಂದಿನಿಂದ ಯಾರಾದರೂ ಜೋರಾಗಿ ಕರೆದರೆ ಅಂಗೈ ಬೆವರುತ್ತದೆ. ಹಿಡಿದ ರಟ್ಟಿನ ಮೇಲೆ ಬೆರಳುಗಳ ಗುರುತು ಒದ್ದೆಯಾಗಿ ಮೂಡುತ್ತದೆ.

ಅಂದಿನ ಅಮ್ಮ ಈಗ ಅಜ್ಜಿ. ಅಂದಿನ ಅಪ್ಪ ಈಗ ಅಜ್ಜ. ಇಬ್ಬರೂ ಮಗಳ ಮನೆಯಲ್ಲೇ ಇದ್ದಾರೆ. ಎರಡು ಕೋಣೆ, ಒಂದು ಅಡುಗೆಮನೆ. ಒಳಕೋಣೆ ಅಜ್ಜನದು. ಮಿಲ್ಲು ಮುಚ್ಚಿದ ಮೇಲೆ ಅವನು ಗೋದಾಮಿನಲ್ಲಿ ರಾತ್ರಿ ಕಾವಲು ಮಾಡಿದ. ಅದನ್ನೂ ಬಿಟ್ಟಾಯಿತು, ಆದರೆ ಮೈ ಪಾಳಿ ಬಿಡಲಿಲ್ಲ. ರಾತ್ರಿಯೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಹಗಲು ಮಲಗುತ್ತಾನೆ. ಅವನು ಮಲಗಿದ್ದಾನೆಂದು ಈ ಮನೆಯಲ್ಲಿ ಕುಕ್ಕರ್ ಒಲೆಯ ಮೇಲೆ ಕೂರುವುದಿಲ್ಲ. ಮದುವೆಗೆ ಬಂದ ಕುಕ್ಕರ್ ಡಬ್ಬದ ಸಮೇತ ಅಟ್ಟದ ಮೇಲಿದೆ, ಬೇಳೆ ತೆರೆದ ಪಾತ್ರೆಯಲ್ಲಿ ಬೆಳಗಿನಿಂದ ಬೇಯುತ್ತದೆ. ಕುರ್ಚಿಯ ಕಾಲುಗಳಿಗೆ ಹಳೇ ಕಾಲುಚೀಲ ತೊಡಿಸಿದ್ದಾರೆ. ಟಿವಿಯಲ್ಲಿ ಬಾಯಿಗಳು ಆಡುತ್ತವೆ, ಮಾತು ಬರುವುದಿಲ್ಲ.

ಮೆಲ್ಲಕ್ಕನ ಗಂಡ ಫ್ರಿಜ್ ರಿಪೇರಿ ಮಾಡುವವನು. "ನಾನು ರಿಪೇರಿ ಮಾಡೋ ಫ್ರಿಜ್ಜುಗಳೇ ನಮ್ಮ ಮನೆಗಿಂತ ಹೆಚ್ಚು ಮಾತಾಡ್ತವೆ" ಎನ್ನುತ್ತಾನೆ, ಅದನ್ನೂ ಪಿಸುಗುಟ್ಟುತ್ತ.

ಮಗಳು ತೆಳ್ಳಗಿದ್ದಾಳೆಂದು ಅವಳ ಹೆಸರು ಕಡ್ಡಿ. ಊಟಕ್ಕೆ ಕೂತಾಗ ಕಡ್ಡಿ ಸೌತೆಕಾಯಿ ಚೂರನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರುತ್ತಾಳೆ.

"ಅಗಿಯೇ ಕಡ್ಡಿ."

"ಮೆತ್ತಗಾಗಲಿ ಅಂತ ಇಟ್ಕೊಂಡಿದ್ದೀನಿ ಅಪ್ಪ."

"ಸೌತೆಕಾಯಿ ಮೆತ್ತಗಾಗೋ ಹೊತ್ತಿಗೆ ನಿನ್ನ ತಲೆ ನೆರೆತಿರುತ್ತೆ."

"ಶ್," ಎಂದಳು ಅಜ್ಜಿ. ಅಷ್ಟರಲ್ಲೇ ಮೆಲ್ಲಕ್ಕನ ಕೈ ಬಾಯಿಗೆ ಹೋಗಿತ್ತು. ನಗುತ್ತಿದ್ದವಳು ಅವಳೇ.

ಕಾರ್ಖಾನೆಯಲ್ಲಿ ಅವಳು ರಟ್ಟು ಕತ್ತರಿಸುವ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದಳು. ದಪ್ಪ ಪುಸ್ತಕವನ್ನು ತೆರೆದು ಮುಚ್ಚಿದ ಹಾಗೆ ಅದರ ಎರಡು ಕಬ್ಬಿಣದ ಹಲಗೆಗಳು ತೆರೆದು ಮುಚ್ಚುತ್ತವೆ. ಒಬ್ಬಳು ರಟ್ಟು ಇಡಬೇಕು, ಇನ್ನೊಬ್ಬಳು ಕತ್ತರಿಸಿದ್ದನ್ನು ಎಳೆಯಬೇಕು. ನಡುವೆ ಒಂದು ಕಂಬಿ ಇದೆ. ಕೈ ಒಳಗೆ ಹೋದರೆ ಕಂಬಿಗೆ ತಾಗಿ ಮಷಿನ್ ನಿಲ್ಲಬೇಕು. ಸುಮ್ಮಸುಮ್ಮನೆ ನಿಲ್ಲುತ್ತದೆ, ಮಾಲು ಹೊರಡುವುದಿಲ್ಲ ಎಂದು ಸೂಪರ್‌ವೈಸರ್ ಆ ಕಂಬಿಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿಸಿದ್ದ. ಅದನ್ನು ಕಟ್ಟುವಾಗ ಸ್ಟೂಲ್ ಹಿಡಿದುಕೊಂಡು ನಿಂತಿದ್ದವಳು ಮೆಲ್ಲಕ್ಕನೇ.

ಎದುರು ಬದಿಯಲ್ಲಿ ರಟ್ಟು ಇಡುತ್ತಿದ್ದವಳು ರೇಡಿಯೋ. ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಆ ಹೆಸರು. ಆ ದಿನ ರಟ್ಟು ಓರೆಯಾಗಿ ಕೂತಿತು. ಅತ್ತೆಯ ಗೊರಕೆಯ ಕಥೆ ಹೇಳುತ್ತಲೇ ಅವಳು ನೇರ ಮಾಡಲು ಕೈ ಹಾಕಿದಳು. ಹಲಗೆ ಬರುವುದು ಮೆಲ್ಲಕ್ಕನಿಗೆ ಕಂಡಿತು. ಬಾಯಿ ತೆರೆಯಿತು. ಕೈ ಹೋಗಿ ಆ ಬಾಯಿಯನ್ನು ಮುಚ್ಚಿತು. ಅದೇ ಕೈ ಮಷಿನ್ ನಿಲ್ಲಿಸುವ ಸ್ವಿಚ್ಚಿಗೆ ಹೋಗಬಹುದಿತ್ತು. ಹೋಗುವಷ್ಟರಲ್ಲಿ ರೇಡಿಯೋದ ಎರಡು ಬೆರಳು ಇರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ನಲ್ಲಿಯ ಕೆಳಗೆ ಕೈ ಒಡ್ಡಿ ನಿಂತಳು.

"ಏನಾಯ್ತೇ?" ಎಂದ ಗಂಡ.

ಹೇಳಿದಳು. ನೀರಿನ ಸದ್ದಿನಲ್ಲಿ ಕೇಳದೆ ಅವನು ನಲ್ಲಿ ನಿಲ್ಲಿಸಿದ. ಮತ್ತೆ ಹೇಳಿದಳು.

"ಕಂಬಿ ಎತ್ತಿ ಕಟ್ಟಿದ್ದು ರೇಡಿಯೋನೇ ಅಂತ ಮಾಡ್ತಿದ್ದಾರೆ. ಹರಟೆ ಹೊಡೀತಾ ಕೈ ಹಾಕಿದಳಂತೆ, ತಪ್ಪೆಲ್ಲ ಅವಳದಂತೆ. ಕಾರ್ಖಾನೆ ತಪಾಸಣೆಗೆ ಸರ್ಕಾರದ ಇನ್ಸ್‌ಪೆಕ್ಟರ್ ಬರ್ತಾರೆ, ಕೇಳಿದರೆ ಹಾಗೇ ಹೇಳು ಅಂದರು."

"ತಂತಿ ಕಟ್ಟಿಸಿದ್ದು ನೋಡಿದೋರು ಯಾರ್ಯಾರು?"

"ನಾನು, ಅವಳು. ಕಟ್ಟಿದವನು ಕೆಲಸ ಬಿಟ್ಟು ಹೋದ."

"ಅಂದರೆ ನೀನೊಬ್ಬಳೇ."

ಆಲೂಗಡ್ಡೆ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. "ನೋಡಿದರೇನು, ನೋಡದಿದ್ದರೇನು. ಸುಮ್ಮನಿದ್ದುಬಿಡು. ಸುಮ್ಮನಿದ್ದವರಿಗೆ ಯಾರೂ ಏನೂ ಮಾಡಲ್ಲ."

"ಅತ್ತೆ, ಒಂದು ಹುಡುಗಿ ಕೈ ಹೋಗಿದೆ."

"ಹೋದದ್ದು ಬರುತ್ತಾ? ಇವಳ ಕೆಲಸ ಹೋದರೆ ಬರುತ್ತಾ? ಬಾಡಿಗೆಗೆ ನಿಮ್ಮೊಬ್ಬರ ಕೈ ಸಾಲುತ್ತಾ?"

ಸಾಲುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಗಂಡ ಹೆಂಡತಿಗೆ, "ಆದರೂ..." ಎಂದ.

"ಆದರೂ ಏನು?"

"ಆದರೂ ಅಂತ ಅಷ್ಟೇ ಕಣೇ. ಮುಂದಿನದು ಗೊತ್ತಿದ್ದರೆ ನಾನೇ ಹೇಳ್ತಿದ್ದೆ."

ಮುಂದಿನ ವಾರ ಶಾಲೆಯಿಂದ ಕರೆ ಬಂತು. ಟೀಚರಮ್ಮ ಚಿಕ್ಕ ವಯಸ್ಸಿನವಳು, ಬೆರಳ ತುಂಬ ಸೀಮೆಸುಣ್ಣದ ಪುಡಿ.

"ಕೂತ್ಕೊಳ್ಳಿ. ನಿಮ್ಮ ಮನೇಲಿ ಯಾರಿಗಾದರೂ ಮೈ ಹುಷಾರಿಲ್ವಾ?"

"ಇಲ್ಲ ಮೇಡಂ. ಯಾಕೆ?"

"ಸ್ವಲ್ಪ ಜೋರಾಗಿ ಹೇಳಿ, ಕೇಳಿಸಲಿಲ್ಲ." ಹೇಳಿದ ಮೇಲೆ ಟೀಚರಮ್ಮನೇ ನಕ್ಕಳು. "ಇವಳಿಗೂ ದಿನಾ ಇದನ್ನೇ ಹೇಳ್ತೀನಿ. ಹಾಜರಿಗೆ ಬಾಯಿ ಆಡಿಸ್ತಾಳೆ, ಸದ್ದು ಬರಲ್ಲ. ನಿನ್ನೆ ಎದ್ದು ನಿಂತು ಓದು ಅಂದೆ. ಪಿಸಪಿಸ ಅಂತ ಓದಿದಳು. ಯಾಕಮ್ಮಾ ಇಷ್ಟು ಮೆಲ್ಲಗೆ ಅಂತ ಕೇಳಿದರೆ ಏನಂದಳು ಗೊತ್ತಾ? 'ಅಜ್ಜ ಮಲಗಿದ್ದಾರೆ ಮಿಸ್' ಅಂದಳು. ತರಗತಿ ಪೂರ್ತಿ ನಕ್ಕುಬಿಟ್ಟಿತು. ಕೈ ಮುಟ್ಟಿ ನೋಡಿದೆ. ಮಂಜುಗಡ್ಡೆ."

ದಾರಿಯಲ್ಲಿ ಮೆಲ್ಲಕ್ಕ ಮಗಳ ಕೈ ಹಿಡಿದಳು. ಎರಡೂ ಅಂಗೈ ಒದ್ದೆ. ಯಾವ ಬೆವರು ಯಾರದೆಂದು ಹೇಳಲು ಬರುವಂತಿರಲಿಲ್ಲ.

"ಅಜ್ಜಿ ನಿನಗೆ ಯಾವತ್ತಾದರೂ ಬಾಯಿಗೆ ಬಟ್ಟೆ ಇಟ್ಟಿದ್ದಾರಾ?"

"ಇಲ್ಲಮ್ಮ." ಕಡ್ಡಿ ಕಲ್ಲೊಂದನ್ನು ಒದ್ದಳು. "ನೀನು ಕಣ್ಣು ಬಿಡ್ತೀಯಲ್ಲ, ಅದು ಸಾಕಾಗುತ್ತೆ."

ಮನೆ ತಲುಪಿದ ಮೇಲೆ ಮೆಲ್ಲಕ್ಕ ಬಾಗಿಲಲ್ಲಿ ನಿಂತು, "ಇನ್ಮೇಲೆ ಕಣ್ಣು ಬಿಡಲ್ಲ" ಎಂದಳು. ಕಡ್ಡಿಗೆ ಅಷ್ಟರಲ್ಲಿ ಕೇಳಿದ ಪ್ರಶ್ನೆಯೇ ಮರೆತುಹೋಗಿತ್ತು.

ರೇಡಿಯೋ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಮೆಲ್ಲಕ್ಕ ಬ್ರೆಡ್ ತೆಗೆದುಕೊಂಡು ಹೋದಳು. ಕೈಯ ಬ್ಯಾಂಡೇಜು ಚೆಂಡಿನಷ್ಟಿತ್ತು.

"ಬಾ ಮೆಲ್ಲಕ್ಕ. ನೋಡು, ಅತ್ತೆ ಈಗ ನನ್ನ ತಲೆ ಬಾಚ್ತಾಳೆ. ಎರಡು ಬೆರಳು ಕೊಟ್ಟರೆ ಅತ್ತೆ ಒಳ್ಳೆಯವಳಾಗ್ತಾಳೆ ಅಂತ ಗೊತ್ತಿದ್ದರೆ ಮದುವೆ ದಿನಾನೇ ಕೊಡ್ತಿದ್ದೆ."

ಒಳಗಿನಿಂದ ಅತ್ತೆ, "ಬಾಯಿಗೆ ಮಾತ್ರ ಏನೂ ಆಗಲಿಲ್ಲ ನೋಡಮ್ಮ" ಎಂದಳು.

ನಗು ಮುಗಿದ ಮೇಲೆ ರೇಡಿಯೋ ದನಿ ತಗ್ಗಿಸಿದಳು. "ನಿನ್ನ ಬಾಯಿ ತೆರೆದದ್ದು ನೋಡಿದೆ ಕಣಕ್ಕ. ಕೂಗು ಬರಲಿಲ್ಲ."

"ಬರಲಿಲ್ಲ."

"ಬೈತಿಲ್ಲ ನಾನು. ಬೈಯೋಕೆ ಸೂಪರ್‌ವೈಸರ್ ಇದ್ದಾನೆ. ಈ ತಿಂಗಳು ಇನ್ಸ್‌ಪೆಕ್ಟರ್ ಬರ್ತಾರಂತೆ. ನನ್ನ ಮಾತು ಯಾರೂ ನಂಬಲ್ಲ, ವಟವಟ ಅಂತೀನಿ ಅಂತ ಊರಿಗೇ ಗೊತ್ತು. ತಂತಿ ಕಟ್ಟಿಸಿದ್ದು ಅವನು ಅಂತ ನೀನು ಹೇಳಿದರೆ ನಿಲ್ಲುತ್ತೆ. ಹೇಳದಿದ್ದರೆ ನನ್ನ ತಪ್ಪು ಅಂತ ಆಚೆ ಹಾಕ್ತಾರೆ. ಈ ಕೈಗೆ ಬೇರೆ ಯಾರು ಕೆಲಸ ಕೊಡ್ತಾರೆ? ಹೇಳ್ತೀಯಾ?"

ಮೆಲ್ಲಕ್ಕ ತುಟಿಯಲ್ಲೇ ಹೂಂ ಅಂದಳು.

"ಕೇಳಿಸಲಿಲ್ಲ," ಎಂದಳು ರೇಡಿಯೋ. ಅದು ತಮಾಷೆಯಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಗ್ಯಾಸ್ ತಂದವನು ತುಂಬಿದ ಸಿಲಿಂಡರನ್ನು ಹೆಗಲಿನಿಂದ ಇಳಿಸುವಾಗ ಕೈಬಿಟ್ಟ. ಅಡುಗೆಮನೆಯ ನೆಲ ಅದುರಿತು. ಶೆಲ್ಫಿನ ಮುಚ್ಚಳಗಳು ಒಂದರ ಹಿಂದೆ ಒಂದು ಬಿದ್ದವು. ಮೆಲ್ಲಕ್ಕನ ಕೈ ಬಾಯಿಯ ಮೇಲೆ, ಕಡ್ಡಿಯ ಕೈ ಬಾಯಿಯ ಮೇಲೆ, ಅಜ್ಜಿ ಒಳಕೋಣೆಯ ಬಾಗಿಲಿಗೆ ಅಡ್ಡ. ಗ್ಯಾಸಿನವನು ಇವರನ್ನೆಲ್ಲ ನೋಡಿ, ಬೈಗುಳವೂ ಬಾರದ್ದಕ್ಕೆ ಹೆದರಿ, ಹಾಗೇ ಹೊರಟುಹೋದ.

ಒಳಗೆ ಅಜ್ಜ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಸಿರು ಹಾಗೇ ಇತ್ತು.

"ಪಾಪ, ದಣಿದಿದ್ದಾರೆ," ಎಂದಳು ಅಜ್ಜಿ.

"ಯಾವ ಕೆಲಸ ಮಾಡಿ?" ಎಂದ ಅಳಿಯ. ಅವನು ರಿಪೇರಿಯವನು, ಸದ್ದು ಬರಬೇಕಾದ ಕಡೆ ಬಾರದಿದ್ದರೆ ಬಿಡುವವನಲ್ಲ. ಚೀಲದಿಂದ ಸ್ಪ್ಯಾನರ್ ತೆಗೆದು ಮಾವನ ಮಂಚದ ಹಿಂದೆ ನೆಲಕ್ಕೆ ಹಾಕಿದ. ಏನೂ ಇಲ್ಲ. ಕಡ್ಡಿ ಹತ್ತಿರ ಹೋಗಿ "ಅಜ್ಜ" ಎಂದಳು. ಇನ್ನೊಮ್ಮೆ ಎಂದಳು. ಆಮೇಲೆ ಪಾದ ಮುಟ್ಟಿದಳು. ಅಜ್ಜ ತಟ್ಟನೆ ಎದ್ದು ಕೂತ.

"ಮಾವನಿಗೆ ಕಿವಿ ಕೇಳಲ್ಲ," ಎಂದ ಗಂಡ.

"ಏನೇನೋ ಹೇಳಬೇಡಿ," ಎಂದಳು ಅಜ್ಜಿ.

ಮೆಲ್ಲಕ್ಕ ತಂದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಕಿವಿ ತೋರಿಸಿ, ಕೈ ಆಡಿಸಿದಳು. ಅಜ್ಜ ಇಡೀ ಮನೆಗೆ ಕೇಳುವಂತೆ ಮಾತಾಡಿದ. ಅವನಿಗೆ ತನ್ನ ದನಿಯ ಅಳತೆಯೂ ಗೊತ್ತಿರಲಿಲ್ಲ.

"ಲೂಮಿನ ಸದ್ದಿಗೆ ಒಂದು ಕಿವಿ ಹೋಯ್ತು. ಕಾವಲಿಗೆ ಸೇರೋ ಹೊತ್ತಿಗೆ ಇನ್ನೊಂದೂ ಹೋಗಿತ್ತು. ಕಿವುಡ ಅಂದಿದ್ದರೆ ಕಾವಲಿಗೆ ಇಟ್ಕೊಳ್ತಿದ್ದರಾ? ಅದಕ್ಕೇ ಹೇಳಲಿಲ್ಲ."

"ನಮಗಾದರೂ ಹೇಳಬಹುದಿತ್ತಲ್ಲ," ಎಂದಳು ಮೆಲ್ಲಕ್ಕ.

"ಆಂ?"

ಅವಳು ಮತ್ತೆ ಹೇಳಿದಳು. ಅವನು ಅವಳ ತುಟಿ ನೋಡಿ ಊಹಿಸಿದ. "ಹೇಳಿ ಏನು ಮಾಡೋದು? ಈ ಮನೇಲಿ ನನ್ನ ಜೊತೆ ಯಾರೂ ಮಾತಾಡೋದೇ ಇಲ್ವಲ್ಲ. ಕಿವಿ ಇದ್ದಿದ್ದರೂ ಒಂದೇ."

ಅವತ್ತಿನ ಮಧ್ಯಾಹ್ನ ಅನ್ನ ತಣ್ಣಗಾಯಿತು. ತಾಯಿ ಮಗಳು ಅಡುಗೆಮನೆಯಲ್ಲಿ ನಿಂತೇ ಜಗಳವಾಡಿದರು. ಇಬ್ಬರೂ ಪಿಸುಗುಟ್ಟುತ್ತಿದ್ದರು. ಬೇರೆ ದನಿ ಇಬ್ಬರಿಗೂ ತಿಳಿದಿರಲಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮ?"

"ಅನುಮಾನ ಇತ್ತು."

"ಎಷ್ಟು ದಿನದಿಂದ?"

"ಈಗ ಅದನ್ನೆಲ್ಲ ಯಾಕೆ ಕೆದಕ್ತೀಯ? ಅವರಿಗೆ ಕೇಳಲ್ಲ ಅಂತ ಒಪ್ಪಿಕೊಂಡರೆ ನಾನು ಇಷ್ಟು ವರ್ಷ ಯಾರ ಬಾಯಿ ಯಾಕೆ ಮುಚ್ಚಿದೆ, ಹೇಳು?"

"ಅದನ್ನೇ ನಾನು ಕೇಳ್ತಿರೋದು."

ಅಜ್ಜಿ ಕೈಯಲ್ಲಿದ್ದ ಸೌಟನ್ನು ಬಟ್ಟೆಯ ಮೇಲಿಟ್ಟಳು. "ಮಿಲ್ಲಲ್ಲಿ ನಿನ್ನ ಅಪ್ಪನ ಪಕ್ಕದ ಲೂಮಿನವನ ಮಗು ಹಗಲೆಲ್ಲ ಅಳ್ತಿತ್ತು. ಅವನಿಗೆ ನಿದ್ದೆ ಇಲ್ಲ. ತೂಕಡಿಸ್ತಾ ಕೆಲಸಕ್ಕೆ ಹೋಗಿ ಮೊಣಕೈವರೆಗೆ ಕೈ ಕಳಕೊಂಡ. ಮಿಲ್ಲಿನವರು ಅವನ ಹೆಂಡತಿಗೆ ಒಂದು ಕಂಬಳಿ ಕೊಟ್ಟು ಕಳಿಸಿದರು. ನಾನು ನೋಡಿದೆ ಅದನ್ನ. ನಿನ್ನ ಅಪ್ಪನ ಕೈ ನೋಡು ಹೋಗು. ಹತ್ತೂ ಬೆರಳಿವೆ. ಅಷ್ಟನ್ನೂ ಉಳಿಸಿದ್ದು ನಾನು."

"ರೇಡಿಯೋಗೆ ಎಂಟಿವೆ," ಎಂದಳು ಮೆಲ್ಲಕ್ಕ.

ಅಜ್ಜಿ ಸೌಟನ್ನು ಮತ್ತೆ ಕೈಗೆತ್ತಿಕೊಂಡಳು.

"ಆಳು ನಿದ್ದೆಗೆಡದ ಹಾಗೆ ಪಾಳಿ ಮಾಡಬೇಕಾಗಿದ್ದು ಮಿಲ್ಲಿನವರು ಕಣಮ್ಮ. ಮಷಿನ್ನಿಗೆ ಕಂಬಿ ಹಾಕಬೇಕಾಗಿದ್ದು ಅವರು. ಅವರ ಕೆಲಸಾನ ನೀನು ನನ್ನ ಬಾಯಲ್ಲಿ ಮಾಡಿಸಿದೆ."

"ಬೇರೆ ಏನಿತ್ತು ನನ್ನ ಕೈಯಲ್ಲಿ? ಒಂದು ಒರೆಸೋ ಬಟ್ಟೆ ಇತ್ತು."

ಮೆಲ್ಲಕ್ಕ ಅಟ್ಟಕ್ಕೆ ಏಣಿ ಹಾಕಿ ಹತ್ತಿ, ಕುಕ್ಕರಿನ ಡಬ್ಬ ಇಳಿಸಿದಳು. ಅದರೊಳಗೆ ಹಲ್ಲಿಯೊಂದು ಸಂಸಾರ ಹೂಡಿತ್ತು.

ಮಾರನೆಯ ದಿನ ಮೊದಲ ಸೀಟಿಗೆ ಅವಳು ಅಡುಗೆಮನೆಯಿಂದ ಓಡಿ ಹೊರಬಾಗಿಲು ತಲುಪಿದ್ದಳು. ಗಂಡ ಅಡ್ಡ ನಿಂತು, "ಓಡಬೇಡ. ಅದು ಕುಕ್ಕರ್ ಕಣೇ. ನಿಂತ್ಕೋ" ಎಂದ. ಎರಡನೆಯದಕ್ಕೆ ನಿಂತಳು. ಮೂರನೆಯದಕ್ಕೆ ಕಡ್ಡಿಯೂ ಬಾಯಲ್ಲಿ ಸೀಟಿ ಹಾಕಲು ಹೋಗಿ ಉಗುಳು ಸಿಡಿಸಿದಳು.

ಅಜ್ಜಿ ಮುಚ್ಚಳ ತೆಗೆದು ಬೇಳೆ ಹಿಚುಕಿ ನೋಡಿದಳು. "ಇಷ್ಟು ಬೇಗ ಬೆಂದರೆ ಉಳಿದ ಹೊತ್ತು ನಾನೇನು ಮಾಡಲಿ?"

"ಮಾವನ ಜೊತೆ ಮಾತಾಡಿ," ಎಂದ ಅಳಿಯ.

"ಮಾತಾಡೋಕೆ ಏನಿದೆ ಅವರ ಹತ್ತಿರ," ಎಂದಳು ಅಜ್ಜಿ. ಆದರೂ ಸಂಜೆ ಚಹಾ ಕೊಡುವಾಗ ಗಂಡನ ಕಿವಿಗೆ ಬಾಯಿ ಹಚ್ಚಿ, "ಸಕ್ಕರೆ ಸಾಕಾ?" ಎಂದು ಕೂಗಿದಳು. ಅಜ್ಜ ಬೆಚ್ಚಿ ಅರ್ಧ ಚಹಾ ಚೆಲ್ಲಿಕೊಂಡ.

ಅಲ್ಲಿಂದ ಮುಂದೆ ಮೆಲ್ಲಕ್ಕ ಕೆಲಸದಿಂದ ಬಂದವಳೇ ತಂದೆಯ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡಳು. ಬಸ್ಸು ಕೆಟ್ಟು ನಿಂತದ್ದು, ಟೊಮೇಟೊ ಕೊಳೆತದ್ದು, ಏನಾದರೂ ಒಂದು. ಮೊದಲ ದಿನ ಒಂದು ವಾಕ್ಯಕ್ಕೆ ದನಿ ಒಡೆಯಿತು. ಅಜ್ಜ ಕೈಯೆತ್ತಿ "ಇನ್ನೂ ಜೋರು" ಎನ್ನುತ್ತಿದ್ದ, ಲೂಮಿನ ಆಚೆಯಿಂದ ಸಹಾಯಕನನ್ನು ಕರೆದ ಹಾಗೆ. ಗಂಟಲು ಉರಿದು, ಉಪ್ಪು ನೀರು ಮುಕ್ಕಳಿಸಿ, ಮತ್ತೆ ಕೂತಳು. ಅಂಗೈ ಬೆವರುವುದು ನಿಲ್ಲಲಿಲ್ಲ. ಬೆವರಿದರೆ ಬೆವರಲಿ ಎಂದು ಬಟ್ಟೆಗೆ ಒರೆಸಿಕೊಂಡು ಮುಂದುವರಿಸಿದಳು. ಕಡ್ಡಿ ಪಾಠದ ಪುಸ್ತಕವನ್ನು ಅಜ್ಜನಿಗೆ ಓದಿದಳು. ಶಾಲೆಯಲ್ಲಿ ಎದ್ದು ನಿಂತು ಓದುವುದು ಇನ್ನೂ ಆಗುತ್ತಿರಲಿಲ್ಲ. ಹಾಜರಿಗೆ ಮಾತ್ರ ದನಿ ಬಂತೆಂದು ಟೀಚರಮ್ಮ ಹೇಳಿ ಕಳಿಸಿದಳು.

ಪ್ರೆಸ್ಸಿನ ಸಂಗತಿಯನ್ನು ಮಾತ್ರ ಮೆಲ್ಲಕ್ಕ ತಂದೆಗೆ ಹೇಳಿರಲಿಲ್ಲ. ಟೊಮೇಟೊ ಕೂಗಿ ಹೇಳುವುದು ಬೇರೆ, ಅದು ಬೇರೆ.

ಇನ್ಸ್‌ಪೆಕ್ಟರ್ ಬರುವ ಹಿಂದಿನ ಸಂಜೆ ಸೂಪರ್‌ವೈಸರ್ ಸೇಬಿನ ಚೀಲ ಹಿಡಿದು ಮನೆಗೇ ಬಂದ. ಕುರ್ಚಿಯಲ್ಲಿ ಕೂತ. ಕಿಟಕಿ ತೆರೆದಿತ್ತು, ಹೊರಗೆ ಬೀದಿ ನಲ್ಲಿಯಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರು. ಅಜ್ಜ ಆಗಷ್ಟೇ ಎದ್ದು ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತು, ತೆರೆದ ಬಾಗಿಲಿನಿಂದ ಬಂದವನನ್ನು ನೋಡುತ್ತಿದ್ದ. ಸೂಪರ್‌ವೈಸರ್ ಅವನಿಗೆ ನಮಸ್ಕಾರ ಮಾಡಿ, ಆಮೇಲೆ ಅವನು ಅಲ್ಲಿಲ್ಲವೆಂಬಂತೆ ತಗ್ಗಿದ ದನಿಯಲ್ಲಿ ಮಾತಾಡಿದ.

"ನಿನಗೆ ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲಮ್ಮ. ಕಂಬಿ ಅವಳು ಎತ್ತಿ ಕಟ್ಟಿದಳು ಅಂತಲೂ ಹೇಳಬೇಡ. ಕೇಳಿದರೆ ತಲೆ ತಗ್ಗಿಸು, ಅಷ್ಟೇ. ನಿನಗೇನು ಅದು ಹೊಸದಾ?"

ಮೆಲ್ಲಕ್ಕ ನಿಂತೇ ಇದ್ದಳು.

"ಇನ್ನೊಂದು ಮಾತು. ಅವತ್ತು ಎದುರಿಗಿದ್ದವಳು ನೀನು. ಒಂದು ಸಲ ಕೂಗಿದ್ದರೆ ಬೆರಳು ಉಳೀತಿತ್ತು. ಆ ಮಾತೂ ಏಳುತ್ತೆ ನೋಡು. ನಾನು ಅದನ್ನ ಎತ್ತಬಾರದು ಅಂತಿದ್ದೀನಿ. ಯೋಚನೆ ಮಾಡು."

"ಅವಳು ಯೋಚನೆ ಮಾಡ್ತಾಳೆ," ಎಂದಳು ಅಜ್ಜಿ. ಗಂಡ ಗೋಡೆಗೆ ಒರಗಿ ನಿಂತಿದ್ದ. ಅವನೂ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ಏನಂತೆ ಇವನದು?" ಎಂದ ಅಜ್ಜ. ನಲ್ಲಿಯ ಹೆಂಗಸರು ತಿರುಗಿ ನೋಡುವಷ್ಟು ಜೋರಾಗಿತ್ತು. "ಯಾರು ಇವನು? ಏನು ಹೇಳ್ತಿದ್ದಾನೆ?"

"ಏನಿಲ್ಲ ಯಜಮಾನರೇ," ಎಂದ ಸೂಪರ್‌ವೈಸರ್ ನಗುತ್ತ.

"ಆಂ?"

ಮೆಲ್ಲಕ್ಕ ತಂದೆಯ ಕಡೆ ತಿರುಗಿದಳು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಬಲಗೈ ಮೇಲೇಳುತ್ತಿತ್ತು. ಆ ಕೈಯಿಂದ ಕಿಟಕಿಯ ಸರಳನ್ನು ಹಿಡಿದುಕೊಂಡಳು.

"ಅಪ್ಪಾ, ಇವರು ನಮ್ಮ ಸೂಪರ್‌ವೈಸರ್."

"ಇನ್ನೂ ಜೋರು."

"ಸೂಪರ್‌ವೈಸರ್. ನಮ್ಮ ಮಷಿನ್ನಿಗೆ ಕೈ ಕಾಯೋ ಕಂಬಿ ಇತ್ತು. ಅದನ್ನ ತಂತಿ ಹಾಕಿ ಮೇಲೆ ಕಟ್ಟಿಸಿದ್ದು ಇವರು. ಕಟ್ಟುವಾಗ ಸ್ಟೂಲ್ ಹಿಡಿದಿದ್ದು ನಾನು."

ದನಿ ಎರಡು ಕಡೆ ಒಡೆದು, ಹರಿದ ಬಟ್ಟೆಯ ಹಾಗೆ ಬಂತು. ಹೊರಗೆ ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ಒಬ್ಬ ಹುಡುಗಿಯ ಎರಡು ಬೆರಳು ಹೋಯ್ತು ಅಪ್ಪಾ. ನಾನು ನೋಡಿದೆ. ಕೂಗೋಕೆ ಆಗಲಿಲ್ಲ. ಅದನ್ನೂ ನಾಳೆ ನಾನೇ ಹೇಳ್ತೀನಿ, ಇವರು ಎತ್ತೋದು ಬೇಡ. ತಂತಿ ಇಲ್ಲದಿದ್ದರೆ ನಾನು ಕೂಗದಿದ್ದರೂ ಬೆರಳು ಉಳೀತಿತ್ತು."

ಅಜ್ಜ ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಈಗ ಯಾಕೆ ಬಂದಿದ್ದಾನೆ?"

"ಸುಮ್ಮನಿರು ಅಂತ ಹೇಳೋಕೆ."

ಸೂಪರ್‌ವೈಸರ್ ಎದ್ದು ನಿಂತಿದ್ದ. ಅಜ್ಜಿಗೆ ಕಿಟಕಿ ಮುಚ್ಚುವಂತೆ ಕೈಸನ್ನೆ ಮಾಡಿದ. ಅಜ್ಜಿ ಎದ್ದು ಬಂದಳು, ಕಿಟಕಿಯ ಬಾಗಿಲ ಮೇಲೆ ಕೈಯಿಟ್ಟಳು, ಸರಳು ಹಿಡಿದು ಬೆಳ್ಳಗಾಗಿದ್ದ ಮಗಳ ಬೆರಳುಗಳನ್ನು ನೋಡಿದಳು. ಅಲ್ಲೇ ನಿಂತಳು.

"ಮೆಲ್ಲಗೆ ಮಾತಾಡಮ್ಮ," ಎಂದ ಸೂಪರ್‌ವೈಸರ್. "ಬೀದಿಗೆಲ್ಲ ಕೇಳ್ತಾ ಇದೆ."

"ಇಲ್ಲ," ಎಂದಳು ಅವಳು. "ಮೆಲ್ಲಗೆ ಮಾತಾಡಲ್ಲ. ಅಪ್ಪನಿಗೆ ಕೇಳಿಸಲ್ಲ."